ಕಾರ್ಮಿಕರನ್ನು ಬಿಡಿಸುವ ಮುನ್ನ

ಉದ್ಯಮವೊಂದು ಮುಚ್ಚಿದರೆ ಅದರ ಪೆಟ್ಟು ಅಲ್ಲಿನ ಕಾರ್ಮಿಕರಿಗಷ್ಟೇ ಸೀಮಿತವಾಗುವುದಿಲ್ಲ. ಹಳ್ಳಿಖೇಡ (ಬಿ)ಯ ಬೀದರ್ ಸಹಕಾರಿ ಸಕ್ಕರೆ ಕಾರ್ಖಾನೆ ಕಬ್ಬು ನುರಿಸುವುದನ್ನು ನಿಲ್ಲಿಸಿದ ಮೇಲೆ ಜಿಲ್ಲೆಯ ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲಸ ಕಳೆದುಕೊಂಡವನ ಉದ್ರಿ ಖಾತೆ ಭಾಲ್ಕಿಯ ಕಿರಾಣಿ ಅಂಗಡಿಯಲ್ಲೇ ಉಳಿಯುತ್ತದೆ. ಅವನು ಮಾತ್ರ ಹೈದರಾಬಾದಿಗೆ ಗುಳೆ ಹೋಗುತ್ತಾನೆ.

ಆದಾಗ್ಯೂ ಕಾರ್ಮಿಕರನ್ನು ಕಡಿತಗೊಳಿಸುವಾಗ ಮಾಲೀಕರ ಹೊಣೆ ಎಷ್ಟೆಂಬುದರ ಬಗ್ಗೆ ಸಣ್ಣ ಉದ್ಯಮಿಗಳಲ್ಲಿ ತಪ್ಪು ಕಲ್ಪನೆಯಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಸರ್ಕಾರದ ಪೂರ್ವಾನುಮತಿ ಪಡೆಯಬೇಕಾದ ಮಿತಿಯನ್ನು 100 ಕಾರ್ಮಿಕರಿಂದ 300ಕ್ಕೆ ಏರಿಸಿತು. ಇದರಿಂದ ಸಣ್ಣ ಘಟಕಗಳಿಗೆ ಯಾವ ಬಾಧ್ಯತೆಯೂ ಇಲ್ಲವೆಂದು ಹಲವರು ಭಾವಿಸಿದ್ದಾರೆ. ವಿನಾಯಿತಿ ದೊರೆತಿರುವುದು ಅನುಮತಿಗೆ ಮಾತ್ರ, ಪರಿಹಾರಕ್ಕಲ್ಲ. ಒಂದು ವರ್ಷ ನಿರಂತರ ದುಡಿದ ಕಾರ್ಮಿಕನಿಗೆ ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ವೇತನ, ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನ ನೀಡಲೇಬೇಕು. ಇದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲೂ ಇದ್ದ ನಿಯಮ. ಹೊಸದಾಗಿ ಸೇರಿರುವುದು ಮರುಕೌಶಲ ನಿಧಿಗೆ ಮಾಲೀಕನು ಕೊಡಬೇಕಾದ 15 ದಿನಗಳ ವೇತನ. ಹಣಕಾಸಿನ ತೊಂದರೆಯೊಂದನ್ನೇ ಮುಂದೊಡ್ಡಿ ಮುಚ್ಚುವವನಿಗೂ ಪರಿಹಾರದ ಹೊರೆ ತಗ್ಗುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಕೊಳಾರ ಕೈಗಾರಿಕಾ ಪ್ರದೇಶದ ದಾಲ್‌ಮಿಲ್ಲೊಂದರಲ್ಲಿ ತಿಂಗಳಿಗೆ 15,600 ರೂ. ವೇತನದ ಮೇಲೆ 12 ವರ್ಷ ದುಡಿದವನನ್ನು ನೋಟಿಸ್ ಇಲ್ಲದೆ ಬಿಡಿಸಿದರೆಂದು ಭಾವಿಸಿ. ಕಡಿತ ಪರಿಹಾರ 93,600, ಗ್ರಾಚ್ಯುಯಿಟಿ 1,08,000, ನೋಟಿಸ್ ವೇತನ 15,600, ನಿಧಿಗೆ 7,800. ಒಟ್ಟು 2,25,000 ರೂ. ಇಂಥ ಆರು ಮಂದಿಯಾದರೆ ಹದಿಮೂರೂವರೆ ಲಕ್ಷ. ವ್ಯಾಪಾರ ಕುಸಿದ ವರ್ಷದಲ್ಲೇ ಈ ಮೊತ್ತವನ್ನು ಹೊಂದಿಸುವುದು ಯಾರಿಗೆ ಸಾಧ್ಯ?

ಸರ್ಕಾರದ ನೆರವಿನಲ್ಲಿ ತಾರತಮ್ಯವಿರುವುದೂ ಅಷ್ಟೇ ನಿಜ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಸೇರಿದಂತೆ ಮೂರು ಕಂಪನಿಗಳನ್ನು ಮುಚ್ಚಲು ನಿರ್ಧರಿಸಿದ ಕೇಂದ್ರ ಸಂಪುಟ, ಸ್ವಯಂ ನಿವೃತ್ತಿ ಪ್ಯಾಕೇಜ್ ಹಾಗೂ ಇತರ ವೆಚ್ಚಕ್ಕೆ 427.48 ಕೋಟಿ ರೂ. ನೀಡಿತು. ಅದು ನ್ಯಾಯವೇ. ಆದರೆ ಔರಾದಿನ ಸಣ್ಣ ಗಿರಣಿಯ ಕಾರ್ಮಿಕನಿಗೆ ಅಂಥ ಬೊಕ್ಕಸವಿಲ್ಲ. 2018ರಲ್ಲಿ ಆರಂಭವಾದ ಅಟಲ್ ಬಿಮಿತ್ ವ್ಯಕ್ತಿ ಕಲ್ಯಾಣ ಯೋಜನೆಯು ನಿರುದ್ಯೋಗಿಗೆ ಗರಿಷ್ಠ 90 ದಿನಗಳ ನೆರವನ್ನು ಕಲ್ಪಿಸಿತಾದರೂ, ಅದು ಇಎಸ್‌ಐಗೆ ನೋಂದಾಯಿತರಾದವರಿಗೆ ಮಾತ್ರ. ವಂತಿಗೆ ಉಳಿಸಲು ಹಾಜರಿ ಪುಸ್ತಕದಿಂದ ಹೆಸರು ಬಿಡುವ ಮಾಲೀಕನು ಕಾರ್ಮಿಕನ ಈ ಆಸರೆಯನ್ನೂ ಕಸಿದುಕೊಂಡಂತಾಗುತ್ತದೆ.

ಆದ್ದರಿಂದ ನಾವು ಮಾಡಬೇಕಾದುದು ಎರಡು. ಮೊದಲನೆಯದಾಗಿ, ಗ್ರಾಚ್ಯುಯಿಟಿ ಹಾಗೂ ಪರಿಹಾರದ ಬಾಬ್ತನ್ನು ಒಳ್ಳೆಯ ವರ್ಷಗಳಲ್ಲೇ ಪ್ರತ್ಯೇಕವಾಗಿ ಕೂಡಿಡಬೇಕು. ಇದಕ್ಕೆ ಜೀವ ವಿಮಾ ನಿಗಮದ ಸಮೂಹ ಗ್ರಾಚ್ಯುಯಿಟಿ ಯೋಜನೆಯಂಥ ಮಾರ್ಗಗಳಿವೆ. ಎರಡನೆಯದಾಗಿ, ಕೆಲಸ ಕಳೆದುಕೊಂಡವರಿಗೆ ಜಿಲ್ಲೆಯ ಸರ್ಕಾರಿ ಐಟಿಐಗಳಲ್ಲಿ ಭತ್ಯೆಸಹಿತ ಅಲ್ಪಾವಧಿ ತರಬೇತಿ ನೀಡಲು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವನ್ನು ಒಕ್ಕೊರಲಿನಿಂದ ಕೇಳಬೇಕು. ಸಂವಿಧಾನದ 371(ಜೆ) ವಿಧಿಯ ಆಶಯವೇ ಈ ಭಾಗದ ಹಿಂದುಳಿದಿರುವಿಕೆಯನ್ನು ನೀಗಿಸುವುದಲ್ಲವೇ?

ನಮ್ಮ ಪಾಲಿನ ಬಾಕಿಯನ್ನು ತೀರಿಸಿ ಸರ್ಕಾರದ ಬಾಗಿಲಿಗೆ ಹೋದರೆ ಮಾತ್ರ ನಮ್ಮ ಬೇಡಿಕೆಗೆ ತೂಕ ಬರುತ್ತದೆ. ಸದಸ್ಯ ಬಾಂಧವರು ಈ ಬಗ್ಗೆ ಗಂಭೀರವಾಗಿ ಚಿಂತಿಸಲಿ.