ನೇರಳೆ ಬಣ್ಣ ಮಾಸಿದರೆ ಸಾಲದು

ಚನ್ನಗಿರಿ ಸೀಮೆಯಲ್ಲಿ ಅಡಿಕೆ ಕೊಯ್ಲು ಶುರುವಾದರೆ ತೋಟದ ಫಸಲನ್ನು ಗುತ್ತಿಗೆ ಹಿಡಿದ ಖೇಣಿದಾರರ ಅಂಗಳದಲ್ಲಿ ಹಂಡೆಗಳು ಒಲೆ ಏರುತ್ತವೆ. ಸುಲಿದ ಹಸಿ ಅಡಿಕೆ ಬೇಯುತ್ತ ಬೇಯುತ್ತ ನೀರು ಕಡುಗೆಂಪು ಚೊಗರಾಗುತ್ತದೆ. ಬಟ್ಟೆಗೆ ತಾಗಿದರೆ ಕಲೆ ಹೋಗುವ ಮಾತೇ ಇಲ್ಲ. ಆ ಬಣ್ಣ, ಆ ಒಗರು ಟ್ಯಾನಿನ್, ಕ್ಯಾಟೆಚಿನ್‌ನಂಥ ಪಾಲಿಫಿನಾಲ್‌ಗಳದ್ದು. ಪ್ರಯೋಗಾಲಯಗಳು ಆ್ಯಂಟಿಆಕ್ಸಿಡೆಂಟ್ ಎಂದು ಗುರುತಿಸುವುದೂ ಇಂಥವನ್ನೇ.

ಅಳೆಯುವ ಬಗೆ ಸರಳ. ಡಿಪಿಪಿಎಚ್ ಎಂಬ ರಾಸಾಯನಿಕವನ್ನು ಮೆಥನಾಲ್‌ನಲ್ಲಿ ಕರಗಿಸಿದರೆ ಗಾಢ ನೇರಳೆ ದ್ರಾವಣ ಸಿಗುತ್ತದೆ. ಗಿಡದ ಸಾರ ಬೆರೆಸಿ, ಸಾಮಾನ್ಯವಾಗಿ ಅರ್ಧ ಗಂಟೆ ಕತ್ತಲಲ್ಲಿಟ್ಟು, 517 ನ್ಯಾನೋಮೀಟರ್ ತರಂಗಾಂತರದಲ್ಲಿ ಬಣ್ಣ ಎಷ್ಟು ಮಾಸಿತೆಂದು ನೋಡುತ್ತಾರೆ. ನೇರಳೆ ಹಳದಿಗೆ ತಿರುಗಿದಷ್ಟೂ ಸಾರಕ್ಕೆ ಅಂಕ ಜಾಸ್ತಿ. 1958ರಿಂದ ಬಳಕೆಯಲ್ಲಿರುವ ಈ ಪರೀಕ್ಷೆಗೆ ಖರ್ಚೂ ಕಡಿಮೆ, ಸಮಯವೂ ಕಡಿಮೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವೂ ಸೇರಿ ನಾಡಿನ ಅನೇಕ ಕಡೆ ಔಷಧಿ ಸಸ್ಯಗಳ ಪ್ರಬಂಧಗಳಿಗೆ ಇದೇ ಆಧಾರ.

ಅಡಿಕೆ ಸಾರವೂ ಇಲ್ಲಿ ಒಳ್ಳೆಯ ಅಂಕದಲ್ಲೇ ಪಾಸಾಗುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅದೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಎರಡೂ ನಿಜವೇ. ಸುಣ್ಣದ ಜೊತೆ ಜಗಿದಾಗ ಬಾಯೊಳಗೆ ಕ್ಷಾರ ಹೆಚ್ಚುತ್ತದೆ. ಆಗ ಇದೇ ಪಾಲಿಫಿನಾಲ್‌ಗಳು ಉತ್ಕರ್ಷಣಗೊಂಡು, ಜೀವಕೋಶಕ್ಕೆ ಏಟು ಕೊಡುವ ಕ್ರಿಯಾಶೀಲ ಆಮ್ಲಜನಕವನ್ನು ಹುಟ್ಟಿಸುತ್ತವೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕದ ಹಾನಿಯ ಲೆಕ್ಕ ಬೇರೆಯೇ ಇದೆ.

ಬೆಳೆಗಾರರ ಮೇಲೆ ಗೂಬೆ ಕೂರಿಸಲು ಈ ಮಾತಲ್ಲ. ಪರೀಕ್ಷಾ ಕೊಳವೆಯಲ್ಲಿ ಸಿಕ್ಕ ಅಂಕ ದೇಹಕ್ಕೆ ಅನ್ವಯಿಸುವುದಿಲ್ಲ ಎನ್ನಲು ಇದಕ್ಕಿಂತ ಹತ್ತಿರದ ಸಾಕ್ಷಿ ಇಲ್ಲ.

ಇದು ಅಡಿಕೆಯದೊಂದೇ ಕಥೆಯಲ್ಲ. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಹೊರಬಿತ್ತು. ಬೀಟಾ ಕೆರೋಟಿನ್ ಎಂಬ ಆ್ಯಂಟಿಆಕ್ಸಿಡೆಂಟ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ಆಹಾರಗಳ ಆ್ಯಂಟಿಆಕ್ಸಿಡೆಂಟ್ ಅಂಕಪಟ್ಟಿಯನ್ನೇ ಹಿಂತೆಗೆದುಕೊಂಡಿತು. ಕಂಪನಿಗಳು ಅದನ್ನು ಜಾಹೀರಾತಿಗೆ ದುರುಪಯೋಗ ಮಾಡಿಕೊಳ್ಳುತ್ತಿದ್ದವು.

ಮನೆಯಲ್ಲಿ ಕಷಾಯ ಕಾಯಿಸುವುದು ನೀರಿನಲ್ಲಿ. ಪ್ರಬಂಧದಲ್ಲಿ ಅಂಕ ಗಳಿಸುವುದು ಬಹುಪಾಲು ಮೆಥನಾಲ್ ಸಾರ. ಈ ವ್ಯತ್ಯಾಸವೂ ಅಂಗಡಿಯಲ್ಲಿ ಮಾರುವ ಗಿಡಮೂಲಿಕೆ ಪುಡಿಯ ಡಬ್ಬಿಯ ಮೇಲೆ ಕಾಣುವುದಿಲ್ಲ.

ಜಗಳೂರಿನ ಕುರುಚಲು ಕಾಡಿನ ಗಿಡವಾಗಲಿ, ಉಬ್ರಾಣಿಯ ಬೇರಾಗಲಿ, ಬಣ್ಣ ಮಾಸಿಸಿತು ಎಂಬಲ್ಲಿಗೆ ಸಂಶೋಧನೆ ನಿಲ್ಲಬಾರದು. ಯಾವ ಅಂಶ ಕೆಲಸ ಮಾಡಿತು, ಅದು ಕರುಳು ದಾಟಿ ರಕ್ತ ಸೇರುತ್ತದೆಯೇ, ಯಕೃತ್ತಿಗೆ ಹಾನಿ ಇದೆಯೇ ಎಂದು ನೋಡಲು ಸರ್ಕಾರ ವಿಶ್ವವಿದ್ಯಾಲಯಗಳಿಗೆ ಹಣ ಕೊಡಬೇಕು. ಅಲ್ಲಿಯವರೆಗೆ ‘ಆ್ಯಂಟಿಆಕ್ಸಿಡೆಂಟ್ ಭರಿತ’ ಪುಡಿಯನ್ನು ನಂಬಿ ಯಾರೂ ವೈದ್ಯರು ಕೊಟ್ಟ ಬಿಪಿ, ಶುಗರ್ ಮಾತ್ರೆ ನಿಲ್ಲಿಸಬಾರದು.