ಅಜ್ಜನ ಎರಡನೇ ಜನ್ಮದಿನ

ಸಿಂಗಟಾಲೂರಿನ ನಮ್ಮಜ್ಜನ ಜನ್ಮದಿನ ಜೂನ್ 1. ಶಾಲೆಗೆ ಸೇರಿಸುವಾಗ ಮಾಸ್ತರು ಬರೆದದ್ದು. ಆ ತಲೆಮಾರಿನ ಅನೇಕರದ್ದೂ ಅದೇ. ಕಾಲೇಜಿನ ಪ್ರಾಜೆಕ್ಟ್‌ಗೆಂದು ಊರಿನ ಹಿರಿಯರ ವಯಸ್ಸು ಲೆಕ್ಕ ಹಾಕುವ ಪ್ರೋಗ್ರಾಂ ಬರೆದೆ. ಆಧಾರ್ ಕಾರ್ಡಿನಲ್ಲಿದ್ದಂತೆ 01/06/1960 ಎಂದು ಕೊಟ್ಟರೆ, ಜಾವಾಸ್ಕ್ರಿಪ್ಟ್ ಅಮೆರಿಕದ ರೂಢಿಯಂತೆ ತಿಂಗಳನ್ನು ಮೊದಲು ಓದಿ ಜನವರಿ 6 ಎಂದಿತು. 25/06 ಆಗಿದ್ದರೆ ತಪ್ಪೆಂದಾದರೂ ಹೇಳುತ್ತಿತ್ತು. ಇಲ್ಲಿ ಸದ್ದೇ ಇಲ್ಲ.

ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ತುಂಬಿರಬೇಕು. ಯಾರದೋ 06/01 ಹೀಗೆ ತಿರುಗಿದರೆ ಹೆಚ್ಚುಕಡಿಮೆ ಐದು ತಿಂಗಳ ಹಣ ಹೋದಂತೆ. ದಿನ ಮೊದಲೋ, ತಿಂಗಳು ಮೊದಲೋ ಎಂಬುದನ್ನು ಯಂತ್ರದ ಊಹೆಗೆ ಬಿಡದೆ ಪ್ರೋಗ್ರಾಂನಲ್ಲಿ ನಾವೇ ಹೇಳಬೇಕು. ಐಎಸ್‌ಒ 8601ರಂತೆ 1960-06-01 ಎಂದು ದಾಖಲಿಸಿದರೆ ಗೊಂದಲವೇ ಇರದು. ಅಜ್ಜನಿಗೆ ಒಂದು ಸುಳ್ಳು ಜನ್ಮದಿನ ಸಾಕು. ಎರಡನೆಯದನ್ನು ನಾವು ಕೊಡುವುದು ಬೇಡ.