ಗೃಹಕೃತ್ಯ ವಿಚಾರ: ಮನೆಗೊಂದು ರೇಡಿಯೋ

ಚಿಂತಾಮಣಿಯ ವಾಚಕರೊಬ್ಬರು ಕಾಗದ ಬರೆದು, ತಾನಾಗಿಯೇ ಒಂದಾದ ಮೇಲೊಂದು ತರಂಗವನ್ನು ಶೋಧಿಸುತ್ತ, ಧ್ವನಿ ದೊರೆತೆಡೆಯಲ್ಲಿ ನಿಲ್ಲುವ ‘ಸ್ಕ್ಯಾನರ್’ ಎಂಬ ರೇಡಿಯೋವನ್ನು ಕೊಳ್ಳಬಹುದೆ, ಕೊಂಡರೆ ಅದು ಬಹುಕಾಲ ಬಾಳುವುದೆ ಎಂದು ಕೇಳಿರುವರು. ದೇವನಹಳ್ಳಿಯಲ್ಲಿ ಇಳಿಯುವ ವಿಮಾನಗಳ ಚಾಲಕರು ಆಡುವ ಮಾತನ್ನು ಕೇಳಬೇಕೆಂದು ಅವರ ಮೊಮ್ಮಗನಿಗೆ ಆಸೆಯಂತೆ. ಬಾಲಕನ ಕುತೂಹಲ ಶ್ಲಾಘ್ಯವೇ ಸರಿ. ವಿಮಾನಗಳ ಸಂಭಾಷಣೆ 118ರಿಂದ 137 ಮೆಗಾಹರ್ಟ್ಝ್‌ವರೆಗಿನ ತರಂಗಗಳಲ್ಲಿ ನಡೆಯುವುದು, ಮನೆಯ ಎಫ್.ಎಂ. ರೇಡಿಯೋ 108ಕ್ಕೇ ನಿಂತುಬಿಡುವುದರಿಂದ ಅದು ನಮಗೆ ಕೇಳಿಸದು. ಆದರೆ ನಿಸ್ತಂತು ಯಂತ್ರವನ್ನು ಇಟ್ಟುಕೊಳ್ಳಲು ಪರವಾನಗಿ ಬೇಕೆಂಬ ಶಾಸನ ನಮ್ಮ ದೇಶದಲ್ಲಿ 1933ರಲ್ಲಿಯೇ ಬಂದಿತು. ನನ್ನ ತಂದೆಯವರು ವರ್ಷಕ್ಕೊಮ್ಮೆ ಲೈಸೆನ್ಸ್ ಪುಸ್ತಕವನ್ನು ಹಿಡಿದು ಅಂಚೆಯ ಕಚೇರಿಗೆ ಹೋಗುತ್ತಿದ್ದುದು ನನಗೆ ನೆನಪಿದೆ. ಸಾರ್ವಜನಿಕ ಪ್ರಸಾರವನ್ನು ಕೇಳುವ ಮನೆಯ ರೇಡಿಯೋಗಳಿಗೆ ಆ ಶುಲ್ಕ ತಪ್ಪಿದುದು 1980ರ ದಶಕದಲ್ಲಿ. ಆದುದರಿಂದ ಪರರ ಸಂಭಾಷಣೆಯನ್ನು ಹಿಡಿಯುವ ಯಂತ್ರವನ್ನು ಅಂಗಡಿಯವನ ಮಾತೊಂದನ್ನೇ ನಂಬಿ ಕೊಳ್ಳತಕ್ಕುದಲ್ಲ. ಗೃಹಸ್ಥರಿಗೆ ನಿಲಯಗಳನ್ನು ಹುಡುಕಿ ಕೊಡುವ ರೇಡಿಯೋ ಸಾಕು. ಅದನ್ನು ಆರಿಸುವುದೇ ಎಷ್ಟು ಕಷ್ಟವೆಂಬುದನ್ನು ನಾನು ಅನುಭವದಿಂದ ಬಲ್ಲೆನು.

ಶಿಡ್ಲಘಟ್ಟದಲ್ಲಿರುವ ನನ್ನ ಅಕ್ಕನವರಿಗೆ ದೃಷ್ಟಿ ಬಹುಮಟ್ಟಿಗೆ ಹೋಗಿದೆ. ಅವರಿಗೆ ವೃತ್ತಪತ್ರಿಕೆಯೂ ಗಡಿಯಾರವೂ ರೇಡಿಯೋವೇ. ಯಾವ ಕಾರ್ಯಕ್ರಮ ಬಂತೆಂಬುದರಿಂದಲೇ ಹೊತ್ತನ್ನು ತಿಳಿಯುವರು. ಹಳೆಯ ಪೆಟ್ಟಿಗೆ ಕೆಟ್ಟಾಗ ನಾನು ಬೆಂಗಳೂರಿನಿಂದ ಹನ್ನೆರಡು ಪಟ್ಟಿಗಳೂ ಬಣ್ಣದ ದೀಪಗಳೂ ಇದ್ದ ಹೊಸ ಯಂತ್ರವನ್ನು ತಂದುಕೊಟ್ಟೆನು. ಒಂದು ಗುಂಡಿಯನ್ನು ಒತ್ತಿದರೆ ನಿಲಯಗಳನ್ನೆಲ್ಲ ತಾನೇ ಹುಡುಕಿಕೊಳ್ಳುತ್ತಿತ್ತು. ನನಗೆ ಬಹಳ ಹೆಮ್ಮೆ. ಎರಡು ತಿಂಗಳ ಮೇಲೆ ಹೋಗಿ ನೋಡಿದರೆ ಅಕ್ಕನವರು ಮೂಕವಾಗಿದ್ದ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತಿದ್ದರು. ಸೆಲ್ಲು ಬದಲಿಸಿದೊಡನೆ ಅದು ನಿಲಯಗಳನ್ನೆಲ್ಲ ಮರೆಯುತ್ತಿತ್ತಂತೆ. ಒಂದೇ ಅಚ್ಚಿನ ಇಪ್ಪತ್ತು ಗುಂಡಿಗಳಲ್ಲಿ ಯಾವುದು ಯಾವುದೆಂದು ಬೆರಳಿಗೆ ತಿಳಿಯುತ್ತಿರಲಿಲ್ಲ. “ಯಾಕಕ್ಕಾ ಹೇಳಲಿಲ್ಲ?” ಎಂದೆ. “ಅಷ್ಟು ದುಡ್ಡು ಕೊಟ್ಟು ತಂದಿದ್ದೀಯಲ್ಲಪ್ಪ, ನಿನ್ನ ಮನಸ್ಸಿಗೆ ನೋವಾಗುತ್ತೆ ಅಂತ ಸುಮ್ಮನಿದ್ದೆ” ಎಂದರು. ಎರಡು ತಿಂಗಳು ಅವರಿಗೆ ಹಗಲೂ ಇರುಳೂ ಒಂದೇ ಆಗಿತ್ತು. ಮೂವತ್ತು ವರ್ಷ ಹುಡುಗರಿಗೆ ವಿವೇಚನೆಯನ್ನು ಬೋಧಿಸಿದವನಿಗೆ ಆ ದಿನ ತಲೆ ಎತ್ತಲಾಗಲಿಲ್ಲ.

ಆಮೇಲೆ ಕೊಂಡುದು ಎರಡೇ ತಿರುಗಣೆಗಳಿರುವ ಸಾಧಾರಣ ಪೆಟ್ಟಿಗೆ. ಕೊಳ್ಳುವ ಮೊದಲು ಈ ಸಲ ಸ್ವಲ್ಪ ಯೋಚಿಸಿದೆನು.

ಗೌರಿಬಿದನೂರಿನ ಬಳಿ ಆಕಾಶದ ರೇಡಿಯೋ ತರಂಗಗಳನ್ನು ಕೇಳುವ ವೀಕ್ಷಣಾಲಯವೊಂದು 1976ರಿಂದ ನಡೆಯುತ್ತಿರುವುದನ್ನು ಅನೇಕರು ಬಲ್ಲಿರಿ. ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಎರಡೂ ಕೂಡಿ ಸ್ಥಾಪಿಸಿದುದು. ಅಲ್ಲಿ 34.5 ಮೆಗಾಹರ್ಟ್ಝ್ ತರಂಗಕ್ಕಾಗಿ ನಿರ್ಮಿಸಿದ ದೂರದರ್ಶಕವೆಂದರೆ ಗಾಜಿನ ಕೊಳವೆಯಲ್ಲ. ಬಯಲಿನಲ್ಲಿ ‘ಟಿ’ ಅಕ್ಷರದ ಆಕಾರದಲ್ಲಿ ಹರಡಿದ ಒಂದು ಸಾವಿರ ಏರಿಯಲ್‌ಗಳು. ಪೂರ್ವಪಶ್ಚಿಮವಾಗಿ ಅದರ ಉದ್ದ ಸುಮಾರು 1.4 ಕಿಲೋಮೀಟರ್. ಆ ವಿದ್ವಾಂಸರಿಗೆ ಬೇಕಾದುದು ನಗರದ ವಿದ್ಯುತ್ತಿನ ಗದ್ದಲವಿಲ್ಲದ ಸ್ಥಳ ಮತ್ತು ಒಳ್ಳೆಯ ಏರಿಯಲ್. ಯಂತ್ರದ ವಿಚಾರ ಆಮೇಲಿನದು. ನಾವಾದರೋ ಯಂತ್ರವನ್ನು ಮೊದಲು ಕೊಂಡು, ಅದನ್ನು ಎಲ್.ಇ.ಡಿ. ದೀಪದ ಕೆಳಗೆ, ಮೊಬೈಲ್ ಚಾರ್ಜರಿನ ಪಕ್ಕದಲ್ಲಿಟ್ಟು, ಗೊರಗೊರ ಶಬ್ದ ಬಂದರೆ ನಿಲಯವನ್ನು ಬಯ್ಯುವೆವು.

ಅಂಗಡಿಯಲ್ಲಿ ರೇಡಿಯೋವನ್ನು ಪರೀಕ್ಷಿಸಿ ಪ್ರಯೋಜನವಿಲ್ಲ. ಒಪ್ಪದಿದ್ದರೆ ಹಿಂದಿರುಗಿಸುವ ಕರಾರಿನ ಮೇಲೆ ತಂದು, ಅದು ಇರಬೇಕಾದ ಕೋಣೆಯಲ್ಲಿಯೇ ನೋಡಬೇಕು. ಹಗಲಿನಲ್ಲಿ ಬೆಂಗಳೂರಿನ ಮಧ್ಯಮ ತರಂಗ, ಎಂದರೆ 612 ಕಿಲೋಹರ್ಟ್ಝ್, ಸ್ಪಷ್ಟವಾಗಿ ಬರುವುದೆ? ಪೆಟ್ಟಿಗೆಯನ್ನು ಮೆಲ್ಲಗೆ ಸುತ್ತ ತಿರುಗಿಸಿ ನೋಡಿರಿ. ಅದರೊಳಗಿನ ಏರಿಯಲ್ ಒಂದು ಮುಖದಲ್ಲಿ ಹೆಚ್ಚಾಗಿಯೂ ಇನ್ನೊಂದರಲ್ಲಿ ಕಡಮೆಯಾಗಿಯೂ ಗ್ರಹಿಸುವುದು. ರಾತ್ರಿಯಲ್ಲಿ ದೂರದೇಶದ ನಿಲಯಗಳೂ ಬಂದು ಸೇರುವುವು. ಆಗ ಒಂದರ ಮೇಲೊಂದು ಬೀಳದಂತೆ ಬೇರ್ಪಡಿಸಬಲ್ಲ ಪೆಟ್ಟಿಗೆಯೇ ಉತ್ತಮ. ಎಫ್.ಎಂ. ತರಂಗಕ್ಕೆ ಬೆಟ್ಟ ಅಡ್ಡಬಂದರೆ ಆಗದು. ನಂದಿಯ ಸಾಲಿನ ಮರೆಯಲ್ಲಿರುವ ಊರುಗಳವರು 102.9ರ ವಿವಿಧಭಾರತಿಯನ್ನು ನೆಚ್ಚಿ ಕೊಳ್ಳುವ ಮೊದಲು ನೆರೆಮನೆಯಲ್ಲಿ ವಿಚಾರಿಸುವುದು ಲೇಸು. ಧ್ವನಿಗೆ ನನ್ನದೊಂದು ಪರೀಕ್ಷೆಯುಂಟು. ಆಕಾಶವಾಣಿಯಲ್ಲಿ 1974ರಿಂದ ಸಂಸ್ಕೃತ ವಾರ್ತೆ ಬರುತ್ತಿದೆಯಷ್ಟೆ. ಅದರಲ್ಲಿ ಸಕಾರ ಶಕಾರಗಳು ಬೇರೆಬೇರೆಯಾಗಿ ಕೇಳಿಸದ ರೇಡಿಯೋವನ್ನು ನಾನು ಮನೆಗೆ ಸೇರಿಸುವುದಿಲ್ಲ. ನಗುವವರು ನಗಲಿ.

ಇನ್ನು ಬಾಳಿಕೆ. ಎಲ್ಲ ಊರುಗಳಲ್ಲಿಯೂ ಸಿಕ್ಕುವ ಸೆಲ್ಲಿನಿಂದ ನಡೆಯುವಂಥದೂ ಸ್ಕ್ರೂ ಬಿಚ್ಚಿ ತೆರೆಯಬಹುದಾದಂಥದೂ ಆದರೆ ಅರ್ಧ ಗೆದ್ದಂತೆ. ಅಂಟಿಸಿ ಮುಚ್ಚಿದ ಪೆಟ್ಟಿಗೆ ಕೆಟ್ಟ ದಿನವೇ ಕಸ. ಹೊಸ ಸೆಲ್ಲಿನೊಡನೆ ಹಳೆಯದನ್ನು ಹಾಕಬಾರದು. ಹದಿನೈದು ದಿನ ಊರಿಗೆ ಹೋಗುವುದಾದರೆ ಸೆಲ್ಲುಗಳನ್ನು ತೆಗೆದಿಡಬೇಕು. ತಂದೆಯವರ ರೇಡಿಯೋ ಸತ್ತುದು ನನ್ನ ಕೈಯಲ್ಲಿಯೇ: ಒಂದು ಮಳೆಗಾಲವೆಲ್ಲ ಸೆಲ್ಲು ಒಳಗೇ ಇದ್ದು, ಸೋರಿ, ತಗಡುಗಳನ್ನು ತಿಂದುಬಿಟ್ಟಿತು. ಗುಡುಗುಸಿಡಿಲಿನ ಹೊತ್ತಿನಲ್ಲಿ ವಿದ್ಯುತ್ತಿನ ತಂತಿಯನ್ನೂ ಹೊರಗಿನ ಏರಿಯಲನ್ನೂ ಬಿಡಿಸಿಡುವುದನ್ನು ಮರೆಯಬಾರದು. ರೇಷ್ಮೆ ಸಾಕುವ ಮನೆಗಳವರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಹುಳುಮನೆಯಲ್ಲಿ ಕೆಲಸದ ಬೇಸರ ಕಳೆಯಲು ರೇಡಿಯೋ ಇಡುವುದು ಸರಿಯೆ. ಆದರೆ ಬ್ಲೀಚಿಂಗ್ ಪೌಡರಿನಿಂದ ಮನೆಯನ್ನು ಶುದ್ಧಿಮಾಡುವ ದಿನ ಅದನ್ನು ಹೊರಗೆ ತಂದಿಡಿರಿ. ಆ ಘಾಟು ರೋಗಬೀಜಗಳಂತೆಯೇ ಲೋಹವನ್ನೂ ತಿನ್ನುವುದು.

ಅಕ್ಕನವರ ಪೆಟ್ಟಿಗೆಗೆ ಬಂದು ಐದು ವರ್ಷವಾಯಿತು. ನಿಲಯ ತಿರುಗಿಸುವ ಚಕ್ರದ ಮೇಲೆಯೂ ಅದರ ಪಕ್ಕದ ಅಂಚಿನ ಮೇಲೆಯೂ ಒಂದೊಂದು ಬೊಟ್ಟು ಮೇಣವನ್ನು ಇಟ್ಟಿದ್ದೇನೆ. ಎರಡೂ ಬೆರಳಿಗೆ ಎದುರುಬದುರಾಗಿ ಸಿಕ್ಕಿದರೆ ಬೆಂಗಳೂರು. ಕಳೆದ ತಿಂಗಳು ಹೋದಾಗ ಚಕ್ರದ ಬೊಟ್ಟು ಸವೆದುಹೋಗಿತ್ತು. ಹೊಸದಾಗಿ ಇಟ್ಟು ಬಂದೆನು.